ಟಿವಿಯವರು ಉಂಡಾಗ ಉಣ್ಣುವ ಶನಿವಾರಗಳ ಕುರಿತು

ಇಂದ:
ಅಡುಗೆಯವಳು
(ಹಗಲು ಛತ್ರಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಉಳಿದ ಹೊತ್ತು ತಮ್ಮ ಮನೆಯಲ್ಲಿ),
ಒಲೆಯ ಮುಂದೆ.

ಗೆ:
ಮಾನ್ಯ ನಿರ್ದೇಶಕರು,
ಶನಿವಾರದ ಪರದೇಶ ಸಿನೆಮಾ ಮತ್ತು ಊಟದ ಇಲಾಖೆ,
ನಡುಮನೆ, ಸೋಫಾದ ಎಡತುದಿ (ಸ್ಪ್ರಿಂಗು ಮೇಲೆದ್ದಿರುವ ಕಡೆ).

ವಿಷಯ: ಸದರಿ ಇಲಾಖೆಯನ್ನು ಮುಚ್ಚುವ ತಮ್ಮ ಆದೇಶದ ಬಗ್ಗೆ ಅರ್ಜಿದಾರಳ ಅಹವಾಲು.

ಉಲ್ಲೇಖ:
೧. ಮೊನ್ನೆ ಶನಿವಾರ ಊಟ ಅರ್ಧಕ್ಕೆ ನಿಂತ ಮೇಲೆ ತಾವು ಹೊರಡಿಸಿದ ಮೌಖಿಕ ಆದೇಶ: "ಸಾಕು ಬಿಡು. ಇನ್ನು ಈ ಆಟ ಬೇಡ, ನಿಲ್ಲಿಸಿಬಿಡೋಣ."
೨. ಅದೇ ಆದೇಶದ ಬಾಲ: "ನಿನಗೆ ರುಚಿ ಗೊತ್ತಾಗ್ತಿಲ್ಲ ಅಂತ ಸೋಮವಾರ ಮ್ಯಾನೇಜರಿಗೆ ನೀನೇ ಹೇಳಿಬಿಡು."
೩. ಅತ್ತೆಯವರ ನಗು (ಲಿಖಿತ ದಾಖಲೆ ಇಲ್ಲ, ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದ್ದಾರೆ).

ಮಾನ್ಯರೇ,

ಛತ್ರಿ ಕಾರ್ಖಾನೆಯ ಕಡ್ಡಿ ವಿಭಾಗದಲ್ಲಿ ದುಡಿಯುತ್ತಾ, ಜೊತೆಗೆ ನನ್ನ ಗಂಡ ಎಂಬ ಹೆಚ್ಚುವರಿ ಹೊಣೆಯನ್ನೂ ನಿಭಾಯಿಸುತ್ತಿರುವ ತಮ್ಮ ಸನ್ನಿಧಿಯಲ್ಲಿ ಈ ಕೆಳಗೆ ಸಹಿ ಮಾಡಿರುವವಳು ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದನ್ನೆಲ್ಲ ಬಾಯಲ್ಲೇ ಹೇಳಬಹುದಿತ್ತು. ಆದರೆ ಬಾಯಲ್ಲಿ ಹೇಳಲು ಶುರು ಮಾಡಿದರೆ ತಾವು "ಆಯ್ತು, ಆಯ್ತು, ಬಿಡು" ಎನ್ನುತ್ತೀರಿ. ತಾವು ಹಾಗೆಂದರೆ ನನಗೆ ಅಳು ಬರುತ್ತದೆ. ನಾನು ಅತ್ತರೆ ತಮ್ಮ ತಾಯಿಯವರು "ಈರುಳ್ಳಿ ಹೆಚ್ಚಿದ್ದು ಸಾಕು, ಬಾರೇ" ಎನ್ನುತ್ತಾರೆ. ಆದ ಕಾರಣ, ಒಂದು ಪೊರಕೆ ಬೇಕಾದರೂ ಅರ್ಜಿ ಬರೆಸಿಕೊಳ್ಳುವ ನಮ್ಮ ಕಾರ್ಖಾನೆಯ ಸತ್ಸಂಪ್ರದಾಯವನ್ನು ಮನೆಗೂ ವಿಸ್ತರಿಸಿ, ಲಿಖಿತದಲ್ಲಿ ಸಲ್ಲಿಸುತ್ತಿದ್ದೇನೆ.

ತಮ್ಮ ಇಲಾಖೆಯಿಂದ ನನಗಾಗಿರುವ ತೊಂದರೆಗಳನ್ನು ಮೊದಲು ನಮೂದಿಸುವುದು ಸೂಕ್ತ. ಮುಚ್ಚುವ ಮೊದಲು ಲೆಕ್ಕ ಚುಕ್ತಾ ಆಗಲಿ.

೧. ಇಲಾಖೆಯ ಸ್ಥಾಪನೆಯೇ ಸಂಶಯಾಸ್ಪದ. ನನಗೆ ಆ ಕೆಟ್ಟ ಜ್ವರ ಬಂದು ಹೋಗಿ, ನಾನು ಮತ್ತೆ ಒಲೆ ಮುಂದೆ ನಿಲ್ಲಲು ಶುರು ಮಾಡಿದ್ದ ದಿನಗಳು. ತಾವು ಕೆಲಸದಿಂದ ಬಂದವರು ಚಪ್ಪಲಿ ಕೂಡ ಬಿಡದೆ, "ಇನ್ನು ಮೇಲೆ ಶನಿವಾರ ಶನಿವಾರ ನಾವು ಬೇರೆ ದೇಶದ ಸಿನೆಮಾ ನೋಡೋದು. ಅದೇ ದೇಶದ ಊಟ ಮಾಡೋದು" ಎಂದು ಘೋಷಿಸಿದಿರಿ. ಪರದೇಶದ ಬಗ್ಗೆ ತಮ್ಮ ಅನುಭವವಾದರೋ, ರಫ್ತಿಗೆ ಹೋಗುವ ಛತ್ರಿ ಪೆಟ್ಟಿಗೆಗಳ ಮೇಲೆ ವಿಳಾಸ ಅಂಟಿಸಿದ್ದಷ್ಟೇ. ಸಿನೆಮಾದ ಬಗ್ಗೆ ತಮ್ಮ ಅನುಭವ ಅದಕ್ಕಿಂತಲೂ ಕಡಿಮೆ. ಅತ್ತೆಯವರು ತಕ್ಷಣ ಆಕ್ಷೇಪಣೆ ಸಲ್ಲಿಸಿದರು.

"ಯಾಕೋ, ನಮ್ಮ ಊಟಕ್ಕೆ ಏನು ರೋಗ ಬಂದಿದೆಯೋ?"

"ಏನಿಲ್ಲಮ್ಮ. ಸುಮ್ನೆ. ಜ್ಞಾನ ಬೆಳೀಲಿ ಅಂತ."

"ನಿಂಗಾ?"

ತಾವು ತಲೆಯೆತ್ತಿ ಫ್ಯಾನು ನೋಡಿದಿರಿ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

೨. ಇಲಾಖೆಯ ನಿಯಮಾವಳಿ. ಇದನ್ನು ರಚಿಸಿದ ತಲೆಗೆ ಒಂದು ದೊಡ್ಡ ನಮಸ್ಕಾರ.

(ಅ) ಊಟ ಆ ಸಿನೆಮಾದಲ್ಲೇ ಕಂಡದ್ದಾಗಿರಬೇಕು. ತಾವು ವಾರದ ನಡುವೆ ಕಾರ್ಖಾನೆಯ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಸಿನೆಮಾ ಹಾಕಿ, ಯಾರಾದರೂ ಪಾತ್ರೆಗೆ ಸೌಟು ಹಾಕುವ ಜಾಗ ಬರುತ್ತಲೇ ನಿಲ್ಲಿಸಿ, ಅದರ ಚಿತ್ರ ತೆಗೆದು ತಂದು "ಇದು ಮಾಡು" ಎನ್ನುವುದು. ಮುಂದೆ ನೋಡುವಂತಿಲ್ಲ. ಕತೆ ಗೊತ್ತಾಗಿಬಿಡುತ್ತದಂತೆ.

(ಆ) ಟಿವಿಯಲ್ಲಿರುವವರು ಉಂಡಾಗ ನಾವು ಉಣ್ಣಬೇಕು. ಅವರು ನಿಲ್ಲಿಸಿದರೆ ನಾವೂ ನಿಲ್ಲಿಸಬೇಕು. "ಅವಾಗಲೇ ಅವರ ಜೊತೆ ಕೂತು ಉಂಡಂಗೆ" ಎಂಬುದು ತಮ್ಮ ಸಮರ್ಥನೆ.

(ಇ) ಕೆಳಗೆ ಓಡುವ ಅಕ್ಷರಗಳನ್ನು ಮಗಳು ಓದಿ ಅಜ್ಜಿಗೆ ಹೇಳಬೇಕು. ಕಾಲೇಜಿಗೆ ಹೋಗುವ ಹುಡುಗಿಯ ಪ್ರತಿಭೆ ಈ ಕೆಲಸದಲ್ಲಿ ಹೇಗೆ ಅರಳಿದೆ ಎಂಬುದಕ್ಕೆ ಒಂದು ಮಾದರಿ. ಟಿವಿಯಲ್ಲಿ ಒಬ್ಬ ಮುದುಕ ಮಗನ ಮುಂದೆ ಎದೆ ಬಡಿದುಕೊಂಡು, ಗೋಡೆಗೆ ಒರಗಿ, ಮತ್ತೆ ಎದ್ದು, ಟೋಪಿ ಎಸೆದು ಮಾತಾಡಿದ. ಮಗಳು ಹೇಳಿದ್ದು: "ಬೇಡ ಅಂದ."

"ಅಷ್ಟು ಹೊತ್ತು ಮಾತಾಡಿದ್ನಲ್ಲೇ?"

"ಬೇಡವೇ ಬೇಡ ಅಂದ ಅಜ್ಜಿ."

೩. ಈ ನಿಯಮಗಳಿಂದ ಕುಟುಂಬಕ್ಕೆ ಆಗಿರುವ ಹಾನಿ. ಮಂಜಿನ ದೇಶದ ಸಿನೆಮಾ ತಮಗೆ ನೆನಪಿರಬೇಕು. ನೆನಪಿರಲಾರದು, ಹೆಸರುಗಳು ಬರುವಾಗಲೇ ತಾವು ಗೊರಕೆ ಶುರು ಮಾಡಿದ್ದಿರಿ. ಇಲಾಖೆಯ ನಿರ್ದೇಶಕರೇ ಪ್ರತಿ ಶನಿವಾರ ನಿದ್ದೆ ಮಾಡುವುದು ಇಲಾಖೆಗಳಿಗೆ ಹೊಸದೇನೂ ಅಲ್ಲ, ಇರಲಿ. ಆ ಸಿನೆಮಾದಲ್ಲಿ ಒಬ್ಬ ಮನುಷ್ಯ ಕಿಟಕಿಯ ಹತ್ತಿರ ಕೂತ. ಮಂಜು ಬಿತ್ತು. ಅವನು ನೋಡಿದ. ಮತ್ತೆ ಬಿತ್ತು. ಮತ್ತೆ ನೋಡಿದ. ನಾನು ಮಾಡಿದ ಆಲೂಗಡ್ಡೆ ಮೀನಿನ ಸೂಪು ನಮ್ಮೆದುರು ಆರಿ ಮೇಲೆ ಕೆನೆ ಕಟ್ಟಿತು. ಅತ್ತೆಯವರು ಊಟಕ್ಕೆ ಮುಂಚಿನ ಮಾತ್ರೆ ನುಂಗಿ ಕೂತಿದ್ದವರು ಕೊನೆಗೆ ಎದ್ದು ನಿಂತು ಟಿವಿಗೇ ಕೈ ಮುಗಿದರು.

"ಅಯ್ಯಾ, ಪುಣ್ಯಾತ್ಮ, ಏನಾದ್ರೂ ಬಾಯಿಗೆ ಹಾಕ್ಕೊಳ್ಳೋ! ನಾನಿಲ್ಲಿ ಸಾಯ್ತಿದೀನಿ!"

ಅವನು ಒಂದು ಸೇಬು ತೆಗೆದು ಒಂದೇ ಸಲ ಕಚ್ಚಿ ಮತ್ತೆ ಕಿಟಕಿ ಕಡೆ ತಿರುಗಿದ. ನಾವೂ ಒಂದೊಂದು ಚಮಚ ಕುಡಿದೆವು.

ಅದರ ಮುಂದಿನ ವಾರ ಜಗಳದ ದೇಶ. ಆ ದೇಶದವರು ಊಟ ಬಿಟ್ಟು ಬೇರೇನೂ ಮಾಡುವುದಿಲ್ಲ, ಉಣ್ಣುತ್ತಾ ಬೈಯುತ್ತಾರೆ, ಬೈಯುತ್ತಾ ಉಣ್ಣುತ್ತಾರೆ. ನಾವು ಅವರ ವೇಗಕ್ಕೆ ಉಂಡು ಉಂಡು ಮೂರು ದಿನದ ಊಟ ಒಂದೇ ಸಂಜೆ ಮುಗಿಸಿದೆವು. ಒಬ್ಬಳು ಗಂಡನ ಮೇಲೆ ತಟ್ಟೆ ಎಸೆದಾಗ ಅತ್ತೆಯವರು ಬಹಳ ಆಸೆಯಿಂದ, "ಇದೂ ನಿಯಮದಲ್ಲಿ ಬರುತ್ತಾ?" ಎಂದು ಕೇಳಿದರು.

ಪ್ರತಿ ಸಲವೂ ತಾವು ಎಚ್ಚರವಾಗಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಹೇಗಿತ್ತು ಊಟ?" ನಾನು "ಬಿಸಿಯಾಗಿ ಚೆನ್ನಾಗಿತ್ತು" ಎನ್ನುತ್ತಿದ್ದೆ. ಇಲ್ಲವೇ "ಮೆತ್ತಗೆ ಚೆನ್ನಾಗಿತ್ತು". ಇಲ್ಲವೇ "ಕರುಂ ಕುರುಂ ಅಂತ ಚೆನ್ನಾಗಿತ್ತು". ಇದಕ್ಕಿಂತ ಹೆಚ್ಚಿನ ವಿವರ ನನ್ನ ಬಳಿ ಇರಲಿಲ್ಲ.

೪. (ಈ ಅಂಶವನ್ನು ಬರೆದು ಹೊಡೆದುಹಾಕಲಾಗಿದೆ. ಅತ್ತೆಯವರ ಬಗ್ಗೆ ಇತ್ತು. ಅವರು ಹಿಂದೆ ನಿಂತು ಓದುತ್ತಿದ್ದಾರೆ.)

೫. ಕೆಲಸದ ಜಾಗದಲ್ಲಿ ಕಿರುಕುಳ. ಕ್ಯಾಂಟೀನಿನ ಊಟದ ಗಂಟೆ ಹೊಡೆಯುವ ಮುಂಚೆ, ನಾನು ದೊಡ್ಡ ಪಾತ್ರೆಗಳ ಮುಚ್ಚಳ ತೆಗೆಯುವ ಹೊತ್ತಿಗೆ ಸರಿಯಾಗಿ, ತಾವು ದಿನವೂ ಅಡುಗೆಮನೆಯ ಕಿಟಕಿಗೆ ಬಂದು ನಿಲ್ಲುತ್ತೀರಿ. ಜೇಬಿನಲ್ಲಿ ಸ್ವಂತ ಚಮಚ ಇರುತ್ತದೆ. "ಹಸಿವು ತಡೆಯಕ್ಕಾಗ್ತಿಲ್ಲ ಕಣೇ, ಒಂದು ಚಮಚ ಹಾಕು." ಹಾಕಿದ್ದನ್ನು ತಿಂದು, ಆಕಾಶ ನೋಡಿ, "ಒಂಚೂರು ಉಪ್ಪು ಬೇಡುತ್ತೇನೋ" ಎಂದೋ "ಹುಳಿ ಜಾಸ್ತಿ ಆಯ್ತೇನೋ, ಒಂದು ಚೊಂಬು ನೀರು ಹಾಕಿದ್ರೆ ಹೇಗೆ" ಎಂದೋ ಸಲಹೆ ಕೊಡುತ್ತೀರಿ. ನಾನು "ಕಡ್ಡಿ ಬಗ್ಗಿಸೋರಿಗೆ ಅಡುಗೆ ವಿಷಯ ಯಾಕೆ, ಹೋಗಿ" ಎಂದು ಗದರುತ್ತಿದ್ದೆ. ತಾವು ಹೋಗುತ್ತಿದ್ದಿರಿ. ನಾನು ಉಪ್ಪು ಹಾಕುತ್ತಿದ್ದೆ. ಕಡ್ಡಿ ವಿಭಾಗದವರು ತಮಗೆ 'ಚಮಚ' ಎಂದೇ ಹೆಸರಿಟ್ಟಿದ್ದಾರೆ. ತಮಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಗೊತ್ತಿದ್ದೂ ಬರುತ್ತಿದ್ದಿರಿ ಎಂದು ಈಗ ತಿಳಿದಿದೆ.

೬. ನಿಜಸಂಗತಿ. ಹೇಗೂ ಬಯಲಾಗಿರುವುದರಿಂದ ದಾಖಲೆಗೂ ಬರಲಿ. ಜ್ವರ ಬಿಟ್ಟ ಮೇಲೆ ನನ್ನ ಮೂಗು ಮತ್ತು ನಾಲಿಗೆ ಎಂಬ ಇಬ್ಬರು ಹಳೆಯ ನೌಕರರು, ರಜಾ ಚೀಟಿ ಕೊಡದೆ, ಮರಳುವ ದಿನ ತಿಳಿಸದೆ, ಗೈರುಹಾಜರಾಗಿದ್ದಾರೆ. ಕಾಫಿ ಬಿಸಿನೀರಾಯಿತು. ನಿಂಬೆಹಣ್ಣು ಬರೀ ಒದ್ದೆ. ಸುಟ್ಟದ್ದೂ ಬೆಂದದ್ದೂ ಒಂದೇ. ನಾಳೆ ಬರುತ್ತಾರೆ, ನಾಡಿದ್ದು ಬರುತ್ತಾರೆ ಎಂದು ಕಾದೆ. ಯಾರಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ತಾವು ಶನಿವಾರ ಕೇಳಿದಿರಿ. ನಾನು ಯಾವ ಶಾಲೆಯಲ್ಲೂ ಕಲಿತು ಬಂದವಳಲ್ಲ ಎಂಬುದು ತಮಗೆ ತಿಳಿದಿದೆ. ಪಾತ್ರೆ ತೊಳೆಯಲು ಸೇರಿದವಳು. ಹಿಂದಿನ ಅಡುಗೆಯವರು ರಜಾ ಹಾಕಿದ ದಿನ ಸೌಟು ಕೈಗೆ ಬಂತು, ಆಮೇಲೆ ಬಿಡಲಿಲ್ಲ. ನನ್ನ ಹತ್ತಿರ ಇದ್ದ ಸರ್ಟಿಫಿಕೇಟು ಒಂದೇ, ಅದು ಬಾಯೊಳಗಿತ್ತು. ನಾಲಿಗೆ ಇಲ್ಲದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಕಿವುಡನ ಕೈಗೆ ಕೊಳಲು ಕೊಟ್ಟಂತೆ ಎಂದು ನಾಳೆ ಕ್ಯೂನಲ್ಲಿ ನಿಂತವರೇ ನಗುವುದಿಲ್ಲವೇ? ಕ್ಯಾಂಟೀನಿನಲ್ಲಿ ಎಲ್ಲವೂ ಅಳತೆಯ ಮೇಲೆ ನಡೆಯುವುದರಿಂದ ಹೇಗೋ ದಿನ ಹೋಗುತ್ತಿತ್ತು. ಜೊತೆಗೆ, ಕ್ಯಾಂಟೀನಿನ ಊಟಕ್ಕೆ ರುಚಿ ಇಲ್ಲವೆಂದು ಯಾರೂ ಗಾಬರಿಯಾಗುವುದಿಲ್ಲ. ರುಚಿ ಇದ್ದರೆ ಇವತ್ತು ಯಾರು ಸಾಹೇಬರು ಬಂದಿದ್ದಾರೆ ಎಂದು ಕೇಳುತ್ತಾರೆ.

ಕಷ್ಟವಿದ್ದುದು ಮನೆಯಲ್ಲಿ. ಆದ್ದರಿಂದ ಶನಿವಾರಗಳು ನನಗೆ ದೇವರು ಕೊಟ್ಟ ರಜೆಯಂತೆ ಕಂಡವು. ಪರದೇಶದ ಅಡುಗೆ ಹೇಗಿರಬೇಕೆಂದು ಯಾರಿಗೆ ಗೊತ್ತು? ಏನೇ ಎಡವಟ್ಟಾದರೂ "ಆ ಕಡೆ ಹೀಗೇ ಮಾಡೋದು" ಎಂದರೆ ಮುಗಿಯಿತು. ನನ್ನ ಗಂಡನ ತಲೆಯಲ್ಲಿ ಹುಟ್ಟಿದ ಹುಚ್ಚು ಎಷ್ಟು ಸರಿಯಾದ ಸಮಯಕ್ಕೆ ಹುಟ್ಟಿತಲ್ಲ ಎಂದು ಒಳಗೊಳಗೇ ಹಿಗ್ಗುತ್ತಾ, ಹೊರಗೆ ತಮ್ಮನ್ನು ಬೈಯುತ್ತಾ ಬಂದೆ.

೭. ಮೊನ್ನೆಯ ಘಟನೆ. ಇದು ಕಲ್ಲುಬೀದಿಗಳ ದೇಶದ ಸಿನೆಮಾ. ತಾವು ಬಸ್ಸಿನಿಂದ ತಂದ ಚಿತ್ರದಲ್ಲಿ ದಪ್ಪ ಮೀಸೆಯ ಒಬ್ಬಾತ ಏಪ್ರನ್ನು ಕಟ್ಟಿಕೊಂಡು, ಬಕೆಟ್ಟಿನಂಥ ಪಾತ್ರೆಯಲ್ಲಿ ಬಿಳೀ ಗಂಜಿ ತಿರುವುತ್ತಿದ್ದ. ಪಕ್ಕದಲ್ಲಿ ಹಿಟ್ಟಿನ ಚೀಲ, ಕಾಗದದ ಪೊಟ್ಟಣದಲ್ಲಿ ಏನೋ ಬಿಳೀ ಪುಡಿ.

"ನೋಡು, ಎಷ್ಟು ಪ್ರೀತಿಯಿಂದ ತಿರುವ್ತಿದಾನೆ," ಎಂದಿರಿ. "ಇದು ಅವರ ತಾತ ಮುತ್ತಾತನ ಕಾಲದ ಅಡುಗೆ ಇರ್ಬೇಕು."

"ಆಮೇಲೆ ಏನು ಮಾಡ್ತಾನೆ?"

"ಅಲ್ಲಿಗೇ ನಿಲ್ಲಿಸ್ದೆ. ಕತೆ ಗೊತ್ತಾಗಿಬಿಡುತ್ತಲ್ಲ."

ಮಗಳು ಮೊಬೈಲಿನಲ್ಲಿ ಹುಡುಕಿದಳು. ಆ ದೇಶದ ಅಡುಗೆಗಳಲ್ಲಿ ಇಂಥದ್ದು ಎಲ್ಲೂ ಸಿಗಲಿಲ್ಲ. ಅದರಿಂದ ಅವಳ ಗೌರವ ಇನ್ನೂ ಹೆಚ್ಚಿತು. "ತುಂಬಾ ಅಪರೂಪದ್ದು ಅನ್ಸುತ್ತಮ್ಮ. ಯಾರೂ ಬರ್ದೇ ಇಟ್ಟಿಲ್ಲ."

ನಾನು ಮೈದಾ ಹಿಟ್ಟನ್ನು ನೀರಲ್ಲಿ ಕಲಸಿ, ಗಂಟಿಲ್ಲದಂತೆ ತಿರುವಿ, ಕುದಿಸಿ, ಪೊಟ್ಟಣದ ಪುಡಿ ಉಪ್ಪೇ ಇರಬೇಕೆಂದು ಅಳತೆಯ ಉಪ್ಪು ಹಾಕಿ ಇಳಿಸಿದೆ. ಕೆಲಸದ ಮಟ್ಟಿಗೆ ಹೇಳುವುದಾದರೆ ಅಂಥ ನುಣುಪು ನನ್ನ ಕೈಯಿಂದ ಹಿಂದೆ ಬಂದದ್ದಿಲ್ಲ.

ಸಿನೆಮಾ ಶುರುವಾಯಿತು. ಮೀಸೆಯಾತ ತಿರುವಿದ. ನಾವು ಚಮಚ ಹಿಡಿದು ಕಾದೆವು. ಒಂದು ಪುಟ್ಟ ಹುಡುಗಿ ಓಡಿ ಬಂದು ಪಾತ್ರೆಗೆ ಬೆರಳದ್ದಿ ನೆಕ್ಕಿದಳು. "ಉಂಡರು!" ಎಂದು ತಾವು ಆದೇಶಿಸಿದಿರಿ. ಆ ವಾರ ಮಾತ್ರ ತಾವು ಎಚ್ಚರವಾಗಿದ್ದಿರಿ.

ಎಲ್ಲರೂ ಬಾಯಿಗಿಟ್ಟರು. ಅತ್ತೆಯವರು ಬಹಳ ಹೊತ್ತು ನುಂಗದೆ ಬಾಯಲ್ಲಿಟ್ಟುಕೊಂಡು, ಕೊನೆಗೆ, "ಪಾಪ, ಬಡ ದೇಶ ಇರ್ಬೇಕು," ಎಂದರು. ಮಗಳು "ತುಂಬಾ... ಗಂಭೀರವಾಗಿದೆ," ಎಂದಳು. ತಾವು ನೀರು ಕುಡಿದಿರಿ. ಮತ್ತೆ ಕುಡಿದಿರಿ. ನಾನು ನನ್ನ ಬಟ್ಟಲು ಮುಗಿಸಿ, ಇನ್ನೊಂದು ಸೌಟು ಬಡಿಸಿಕೊಂಡು, "ನುಣ್ಣಗೆ ಎಷ್ಟು ಚೆನ್ನಾಗಿದೆ ಅಲ್ವಾ," ಎಂದೆ.

ಆಗ ಮೀಸೆಯಾತ ಬಕೆಟ್ಟು ಎತ್ತಿಕೊಂಡು ಏಣಿ ಹತ್ತಿದ. ಅಗಲವಾದ ಬ್ರಶ್ಶನ್ನು ಅದರಲ್ಲಿ ಅದ್ದಿ, ಗೋಡೆಗೆ ಉದ್ದಕ್ಕೆ ಎಳೆದು, ಹೂವಿನ ಚಿತ್ರದ ಕಾಗದ ಅಂಟಿಸಿದ.

"ಅಯ್ಯೋ ಶಿವನೇ, ಗೋಡೇಗೇನೋ ಅದು!" ಎಂದು ಅತ್ತೆಯವರು ನಗಲು ಶುರು ಮಾಡಿದರು. ಉಲ್ಲೇಖ ೩ ಇದೇ. ಅವರ ಹಲ್ಲುಸೆಟ್ಟು ಮಡಿಲಿಗೆ ಬಿತ್ತು. ನಾನೂ ನಕ್ಕೆ. ನಗುತ್ತಾ, "ಅಂಟಾದ್ರೇನು ಬಿಡಿ, ತಿನ್ನೋಕೆ ಚೆನ್ನಾಗೇ ಇತ್ತು," ಎಂದುಬಿಟ್ಟೆ.

ಅತ್ತೆಯವರ ನಗು ಅಲ್ಲೇ ನಿಂತಿತು.

"ಅಮ್ಮ," ಎಂದಳು ಮಗಳು, "ಬರೀ ಉಪ್ಪಿತ್ತು. ಬಾಯಿಗಿಡೋಕಾಗ್ತಿರ್ಲಿಲ್ಲ."

"ಉಪ್ಪಾ? ನಾನು ಅಳತೆ ಮಾಡೇ ಹಾಕಿದ್ದು."

"ನಾನೂ ಒಂಚೂರು ಹಾಕಿದ್ದೆ," ಎಂದಳು. "ನೀನು ಬಟ್ಟೆ ತರೋಕೆ ಹೋದಾಗ. ಸಪ್ಪೆ ಅನ್ನಿಸ್ತು."

ತಾವು ತಲೆ ಕೆರೆದುಕೊಂಡಿರಿ. "ನಾನೂ ಹಾಕ್ದೆ."

"ನೀವಿಬ್ರೂ ಯಾಕ್ರೋ ಹಾಕಿದ್ರಿ!" ಎಂದರು ಅತ್ತೆಯವರು, ಹಲ್ಲುಸೆಟ್ಟು ಒರೆಸಿಕೊಳ್ಳುತ್ತಾ. "ಶನಿವಾರ ನನ್ನ ಪಾಳಿ ಅಲ್ವೇನ್ರೋ?"

೮. ಪಾಳಿ ಎಂಬ ಪದದ ಮೇಲೆ ಅರ್ಜಿದಾರಳು ವಿವರಣೆ ಕೇಳಿದ್ದು, ಸಿಕ್ಕ ವಿವರಣೆ ಕೆಳಕಂಡಂತಿದೆ. ನನ್ನ ಬೆನ್ನು ತಿರುಗಿದಾಗ ಬಂದು ರುಚಿ ನೋಡಿ ಸರಿ ಮಾಡುವ ಕೆಲಸವನ್ನು ಈ ಮನೆಯ ಮೂವರೂ ಹಂಚಿಕೊಂಡಿದ್ದಾರೆ. ಬೆಳಗ್ಗೆ ಮಗಳು, ಸಂಜೆ ತಾವು, ಶನಿವಾರ ಅತ್ತೆ. ಮೊನ್ನೆಯ ಅಡುಗೆ ತೀರಾ ಅಪರೂಪದ್ದಾದ್ದರಿಂದ ಉಳಿದಿಬ್ಬರಿಗೂ ಭಯವಾಗಿ ಪಾಳಿ ಮೀರಿದ್ದಾರೆ.

"ಯಾವಾಗಿಂದ ಗೊತ್ತು ನಿಮಗೆ?" ಎಂದೆ.

ಅತ್ತೆಯವರು ಹೇಳಿದರು: "ಹಾಲು ಸೀದು ಹೋಗಿ ಮನೆಯೆಲ್ಲ ಗಬ್ಬು ವಾಸನೆ. ನೀನು ಒಲೆ ಪಕ್ಕದಲ್ಲೇ ಕೂತು ಟವಲ್ಲು ಮಡಚ್ತಿದ್ದೆ ಕಣಮ್ಮ. ಅವತ್ತಿಂದ. ನಾನು ಏನಾದ್ರೂ ಅಂದ್ನಾ? ಕಿಟಕಿ ತೆಗೆದೆ, ಅಷ್ಟೇ."

ನಾನು ತಮ್ಮ ಕಡೆ ನೋಡಿದೆ. ತಾವು ಮತ್ತೆ ಫ್ಯಾನು ನೋಡುತ್ತಿದ್ದಿರಿ.

"ನೀನು ಊಟ ಬಡಿಸಿ ನಮ್ಮ ಮುಖಾನೇ ನೋಡ್ತಾ ಕೂರ್ತಿದ್ದೆ," ಎಂದಿರಿ ಫ್ಯಾನಿಗೆ. "ಮೊದಲನೇ ತುತ್ತು ಇಳಿಯೋವರೆಗೂ. ನಿನ್ನ ತಟ್ಟೆ ಮುಟ್ತಾನೇ ಇರ್ಲಿಲ್ಲ. ಯಾರಿಗೂ ಗೊತ್ತಿಲ್ದಿರೋ ಅಡುಗೆ ಆದ್ರೆ ನೀನೂ ನಮ್ಮ ಥರಾನೇ ಅಲ್ವಾ ಅಂತ. ಇಲ್ದಿದ್ರೆ ನಂಗೇನು ಸಿನೆಮಾ ಅಂದ್ರೆ ಪ್ರಾಣವಾ? ಬಸ್ಸಲ್ಲಿ ಆ ಮಂಜು ನೋಡಿ ನೋಡಿ ತಲೆ ಕೆಟ್ಟೋಗಿದೆ ನಂಗೆ."

ಆಮೇಲೆ ತಾವು ಉಲ್ಲೇಖ ೧ ಮತ್ತು ೨ನ್ನು ಹೊರಡಿಸಿದಿರಿ. ಗೊತ್ತಾಯಿತಲ್ಲ, ಇನ್ನು ನಾಟಕ ಯಾಕೆ ಎಂಬ ಧಾಟಿಯಲ್ಲಿ. ನಾನು ಅಡುಗೆಮನೆಗೆ ಹೋದೆ. ಅತ್ತೆಯವರು ಈರುಳ್ಳಿಯ ಮಾತೆತ್ತಲಿಲ್ಲ. ಅದಕ್ಕಾಗಿ ಅವರಿಗೆ ಋಣಿ. (ಅಂಶ ೪ನ್ನು ಹೊಡೆದುಹಾಕಿದ ನಿಜವಾದ ಕಾರಣ ಇದು.)

೯. ಆದೇಶ ಪಾಲನಾ ವರದಿ. ಉಲ್ಲೇಖ ೨ರಂತೆ ಇವತ್ತು ಸೋಮವಾರ ಮ್ಯಾನೇಜರ ಕೋಣೆಗೆ ಹೋದೆ. ಬಾಗಿಲಲ್ಲಿ ನಿಂತು ಸೆರಗಿಗೆ ಕೈ ಒರೆಸಿ ಒರೆಸಿ ಚರ್ಮ ಬರುವುದೊಂದು ಬಾಕಿ. ಹೇಳಿದೆ. ಅವರು ಕನ್ನಡಕ ತೆಗೆದರು.

"ರುಚಿ ಗೊತ್ತಾಗಲ್ವಾ? ಮತ್ತೆ ದಿನಾ ಸರಿ ಇರುತ್ತಲ್ಲಮ್ಮ ಊಟ?"

"ಅಳತೆ ಸರ್. ಮತ್ತೆ ನಮ್ಮೆಜಮಾನ್ರು..."

"ಯಾರು, ಆ ಕಿಟಕಿ ಹತ್ರ ಚಮಚ ಹಿಡ್ಕೊಂಡು ನಿಲ್ತಾರಲ್ಲ, ಅವರಾ? ಅವರನ್ನ ಆಫೀಸಿನೋರೇ ಹಾಕಿದಾರೆ ಅಂದ್ಕೊಂಡಿದ್ನಲ್ಲ ನಾನು!"

ಸ್ವಲ್ಪ ಹೊತ್ತು ಯೋಚಿಸಿದರು. ಆ ಸ್ವಲ್ಪ ಹೊತ್ತು ನನಗೆ ಮಂಜಿನ ದೇಶದ ಸಿನೆಮಾಕ್ಕಿಂತ ಉದ್ದವಾಗಿತ್ತು. ಕೊನೆಗೆ ಹೇಳಿದ್ದು ಹೀಗೆ: ಮೂಗಿನ ಡಾಕ್ಟರ ಚೀಟಿ ತನ್ನಿ. ಅದನ್ನು ನೋಡಿ ಮುಂದಿನ ಮಾತು. ಅಲ್ಲಿಯವರೆಗೆ ಚಮಚದವರು ತಪ್ಪದೆ ಕಿಟಕಿಗೆ ಬರಲಿ. ಅವರು ಬಾರದ ದಿನ ನೀವು ಪಾತ್ರೆ ಹೊರಗೆ ಕಳಿಸಕೂಡದು.

ಅಂದರೆ, ಮಾನ್ಯರೇ, ನನ್ನ ಸೌಟು ಸದ್ಯಕ್ಕೆ ತಮ್ಮ ಜೇಬಿನ ಚಮಚಕ್ಕೆ ನೇತುಬಿದ್ದಿದೆ. ಮುಂದೇನೋ ಡಾಕ್ಟರಿಗೇ ಗೊತ್ತು. ನಾಲಿಗೆ ವಾಪಸು ಬರುವ ಖಾತರಿ ಯಾರೂ ಕೊಟ್ಟಿಲ್ಲ.

೧೦. ಈಗ ಉಲ್ಲೇಖ ೧. ಇದನ್ನು ಪಾಲಿಸಲು ಅರ್ಜಿದಾರಳಿಂದ ಸಾಧ್ಯವಿಲ್ಲ. ಕಾರಣ, ತಾವು ಇಲಾಖೆಯನ್ನು ತೆರೆದದ್ದು ನನ್ನ ಗುಟ್ಟು ಕಾಪಾಡಲು. ಗುಟ್ಟು ಹೋಯಿತು, ಆದ್ದರಿಂದ ಇಲಾಖೆ ಬೇಡ ಎಂಬುದು ತಮ್ಮ ತರ್ಕ. ಆದರೆ ವಾರದ ಉಳಿದ ದಿನ ಈ ಮನೆಯಲ್ಲಿ ಮೂರು ಜನಕ್ಕೆ ರುಚಿ ಗೊತ್ತು, ಒಬ್ಬಳಿಗೆ ಗೊತ್ತಿಲ್ಲ. ಇನ್ನು ಮೇಲೆ ಅದು ಎಲ್ಲರಿಗೂ ಗೊತ್ತಿದ್ದೇ ಊಟಕ್ಕೆ ಕೂರಬೇಕು. ತಾವೆಲ್ಲ ನನ್ನ ಮುಖ ನೋಡುತ್ತೀರಿ, ನಾನು ತಮ್ಮೆಲ್ಲರ ಮುಖ ನೋಡುತ್ತೇನೆ. ಶನಿವಾರ ಒಂದು ದಿನ ನಾಲ್ಕೂ ಜನ ಟಿವಿ ನೋಡುತ್ತೇವೆ. ಅವತ್ತು ಯಾರಿಗೂ ಏನೂ ಗೊತ್ತಿರುವುದಿಲ್ಲ. ಅಂಟು ತಿನ್ನುತ್ತಿದ್ದೇವೆ ಎಂಬುದೂ ಗೊತ್ತಿರುವುದಿಲ್ಲ. ಜ್ವರ ಬಿಟ್ಟ ಮೇಲೆ ನಾನಾಗಿಯೇ ಇನ್ನೊಂದು ಸೌಟು ಬಡಿಸಿಕೊಂಡದ್ದು ಮೊನ್ನೆಯೇ ಮೊದಲು.

ಆದ್ದರಿಂದ ಮಾನ್ಯರು ದಯಮಾಡಿ:

(ಅ) ಇಲಾಖೆಯನ್ನು ಮುಚ್ಚುವ ಆದೇಶವನ್ನು ಹಿಂಪಡೆಯಬೇಕು. ನಿದ್ದೆ ಮಾಡಲು ತಮಗಿರುವ ಅಧಿಕಾರಕ್ಕೆ ಯಾವ ಧಕ್ಕೆಯೂ ಇಲ್ಲ.

(ಆ) ಉಪ್ಪಿನ ಪಾಳಿಯನ್ನು ಕದ್ದು ನಡೆಸುವುದನ್ನು ನಿಲ್ಲಿಸಿ, ನನ್ನ ಎದುರಿಗೇ, ನನ್ನನ್ನು ಕೇಳಿಯೇ ಹಾಕಬೇಕು. ಒಬ್ಬರು ಮಾತ್ರ.

(ಇ) ಗುರುವಾರ ಮೂಗಿನ ಡಾಕ್ಟರ ಹತ್ತಿರ ನನ್ನ ಜೊತೆ ಬರಬೇಕು. ಒಳಗೆ ಬರುವುದು ಬೇಡ. ಹೊರಗೆ ಬೆಂಚಿನ ಮೇಲೆ ಕೂತು ಅಲ್ಲಿಯ ಫ್ಯಾನು ನೋಡುತ್ತಿದ್ದರೆ ಸಾಕು.

(ಈ) ಯಾವುದೇ ಸಿನೆಮಾವನ್ನು ಅಡುಗೆಯ ಜಾಗಕ್ಕೆ ನಿಲ್ಲಿಸದೆ, ಕನಿಷ್ಠ ಪಾತ್ರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನಾದರೂ ನೋಡಿ ಬರಬೇಕು.

ಇಂತು, ರುಚಿಯೊಂದನ್ನು ಬಿಟ್ಟು ಉಳಿದೆಲ್ಲ ವಿಷಯಗಳಲ್ಲಿ
ತಮ್ಮ ವಿಶ್ವಾಸಿ,
ಅಡುಗೆಯವಳು

ಲಗತ್ತುಗಳು:
೧. ಮಗಳ ಶಿಫಾರಸು, ಅವಳದೇ ಭಾಷಾಂತರದ ಶೈಲಿಯಲ್ಲಿ: "ಬೇಕು ಅಂದಳು."
೨. ಅತ್ತೆಯವರ ಹೆಬ್ಬೆಟ್ಟು. (ಓದು ಬರಹ ಬರುತ್ತದೆ. ಕೈಯಲ್ಲಿ ಹಿಟ್ಟಿತ್ತು.)
೩. ಚಮಚ ಒಂದು, ತೊಳೆದದ್ದು. ನಾಳೆ ಬೆಳಗ್ಗೆ ಜೇಬಿಗೆ ಹಾಕಿಕೊಳ್ಳುವುದು.

ವಿ.ಸೂ.: ಈ ಅರ್ಜಿಯನ್ನು ಟಿವಿಯ ಮೇಲಿನ ಗೋಡೆಗೆ, ಶನಿವಾರ ಉಳಿದ ಊಟದಿಂದಲೇ ಅಂಟಿಸಲಾಗಿದೆ. ಭದ್ರವಾಗಿ ಹಿಡಿದಿದೆ; ಕೀಳಲು ಹೋದರೆ ಗೋಡೆಯ ಸುಣ್ಣವೇ ಬರುತ್ತದೆ. ಆದ ಕಾರಣ ತಮ್ಮ ಒಪ್ಪಿಗೆಯನ್ನು ಇದರ ಕೆಳಗೇ, ನಿಂತುಕೊಂಡೇ ಬರೆಯತಕ್ಕದ್ದು. ಪೆನ್ನನ್ನು ದಾರ ಕಟ್ಟಿ ಪಕ್ಕದಲ್ಲಿ ನೇತುಹಾಕಿದೆ.